ನಿರ್ದೇಶಕ ಓಜು ಅವರ ‘ಟೋಕಿಯೋ ಸ್ಟೋರಿ’ ಸಿನಿಮಾ ಅಷ್ಟು ನಿಧಾನ ಯಾಕೆ?

ಯಾಕಂದ್ರೆ ಓಜು ನಮ್ಮನ್ನು ಆ ಮನೆಯವರಲ್ಲಿ ಒಬ್ಬರಾಗಿ ಕೂರಿಸುತ್ತಾರೆ. 1953ರ ಈ ಜಪಾನಿ ಚಿತ್ರದಲ್ಲಿ ಕ್ಯಾಮೆರಾ ಚಾಪೆಯ ಮೇಲೆ ಕೂತವರ ಕಣ್ಣಿಗಿಂತ ತುಸು ಕೆಳಗೇ ಇರುತ್ತದೆ, ಅಲ್ಲಾಡುವುದೇ ಅಪರೂಪ. ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡಲು ಟೋಕಿಯೋಗೆ ಹೊರಡುತ್ತಾರೆ. ರೈಲು ಪ್ರಯಾಣ ತೋರಿಸುವುದೇ ಇಲ್ಲ. ಗಾಳಿದಿಂಬು ಎಲ್ಲಿ ಅಂತ ಇಬ್ಬರೂ ಹುಡುಕುವುದನ್ನು ಮಾತ್ರ ಸಾವಕಾಶವಾಗಿ ತೋರಿಸುತ್ತಾರೆ. ಆಗ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ನಿಂತು ಮಾತಾಡಿಸುತ್ತಾಳೆ. ಕೊನೆಯಲ್ಲೂ ಅದೇ ಜಾಗ, ಅದೇ ಕಿಟಕಿ, ಅದೇ ಆಕೆ. ಹೆಂಡತಿ ಇಲ್ಲ. ಮೊದಲು ಅಷ್ಟು ಹೊತ್ತು ಸುಮ್ನೆ ನೋಡಿದ್ದರಿಂದಲೇ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಅಲ್ವಾ? ಇನ್ನೊಬ್ಬ ಜಪಾನಿ ನಿರ್ದೇಶಕ ಕುರೊಸಾವಾ ಅವರ ಚಿತ್ರಗಳ ವೇಗ ಇಷ್ಟಪಡುವ ಗೆಳೆಯರು ಇದನ್ನು ಬೋರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಜ್ಜ ಬೀಸಣಿಗೆ ಹಿಡಿದು ಒಬ್ಬರೇ ಕೂತಿರುವ ಆ ದೃಶ್ಯ ಇನ್ನೊಂದು ನಿಮಿಷ ಜಾಸ್ತಿ ಇದ್ದರೂ ನೋಡುತ್ತಿದ್ದೆ.