‘ಐ5’ ಸರಿ, ಎಷ್ಟನೇ ಜನರೇಷನ್?

ಪ್ರಶ್ನೆ: ಸರ್, ಮಗಳು ಬಿಸಿಎ ಸೇರಿದ್ದಾಳೆ. ಲ್ಯಾಪ್‌ಟಾಪಿಗೆ ನಮ್ಮ ಕೈಲಾಗುವುದು ಹೆಚ್ಚೆಂದರೆ 30 ಸಾವಿರ. ಒಂದು ಅಂಗಡಿಯಲ್ಲಿ ಹೊಸ ಸೆಲೆರಾನ್ ತೋರಿಸಿದರು: 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್, 23 ಸಾವಿರ. ಇನ್ನೊಂದು ಕಡೆ ಸೆಕೆಂಡ್ ಹ್ಯಾಂಡ್ ‘ಐ5’ 17 ಸಾವಿರಕ್ಕಿದೆ. ಹೊಸದೇ ವಾಸಿ ಅಂತಾರೆ ಮನೆಯವರು. ಯಾವುದು ತಗೊಳ್ಳಲಿ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಹೊಸದು ಬೇಡ. ‘ಐ5’ ಕೂಡ ವಿಚಾರಿಸದೆ ಬೇಡ.

ಆ ಹೊಸದರಲ್ಲಿ ಇರುವುದೇ 64 ಜಿಬಿ. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೂ ಅಷ್ಟೇ! ಈ ಬೆಲೆಯ ಮಾಲಿನಲ್ಲಿ ಸ್ಟೋರೇಜ್ ಸಾಮಾನ್ಯವಾಗಿ ಇಎಂಎಂಸಿ. ಅಂದರೆ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಾಯಿಸಲು ಬರುವುದಿಲ್ಲ. ‘ಅಪ್‌ಡೇಟ್ ಆಗ್ತಿಲ್ಲ, ಜಾಗ ಇಲ್ಲ ಅಂತಿದೆ’ ಎಂದು ನನ್ನ ರಿಪೇರಿ ಟೇಬಲ್ಲಿಗೆ ಬರುವ ಹೊಸ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಇದೇ ಜಾತಿಯವು.

ಇನ್ನು ಆ ‘ಐ5’. ಅದು ಇಂಟೆಲ್ ಪ್ರೊಸೆಸರಿನ ಹೆಸರು ಅಷ್ಟೇ, ಹಳೆಯದರಲ್ಲೂ ಇದೆ, ಹೊಸದರಲ್ಲೂ ಇದೆ. ಎಷ್ಟನೇ ಜನರೇಷನ್ ಅಂತ ಕೇಳಿದಿರಾ? ಸ್ಟಿಕ್ಕರ್ ಬಿಡಿ, ಸೆಟ್ಟಿಂಗ್ಸಿನ ಅಬೌಟ್ ಪುಟ ತೆಗೆಸಿ. ಐ5-6300ಯು ಅಂತಿದ್ದರೆ ಆರನೇ ಜನರೇಷನ್, ಐ5-8350ಯು ಅಂದರೆ ಎಂಟನೆಯದು. ಇಂಟೆಲ್‌ನಲ್ಲಿ ಎಂಟಕ್ಕಿಂತ ಹಳೆಯದಕ್ಕೆ, ಕೆಲವನ್ನು ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. 17 ಸಾವಿರದ್ದು ಆರನೆಯದಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ದುಡ್ಡಿಗೆ ಹುಡುಕಬೇಕಾದದ್ದು ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಮಾಡೆಲ್‌ಗಳನ್ನು. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5400, ಎಚ್‌ಪಿ ಎಲೈಟ್‌ಬುಕ್ 840 ಜಿ5, ಇಂಥವು. ಹುಬ್ಬಳ್ಳಿಯಲ್ಲೇ ವಿಚಾರಿಸಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಆಯ್ಕೆ ಜಾಸ್ತಿ, ಚೌಕಾಸಿಯೂ ಜಾಸ್ತಿ. ಈ ಮೂರರಲ್ಲೂ ರ್‍ಯಾಮಿಗೆ ಎರಡು ಸ್ಲಾಟ್ ಇವೆ. ಈಗ 8 ಜಿಬಿ ಸಾಕು. ಮುಂದೆ ಆಂಡ್ರಾಯ್ಡ್ ಸ್ಟುಡಿಯೋ (ಮೊಬೈಲ್ ಆ್ಯಪ್ ಬರೆಯುವ ತಂತ್ರಾಂಶ) ಅಂತ ಶುರುವಾದಾಗ 16 ಮಾಡಿಸಿದರಾಯಿತು. ಟಿ480 ಅಂದರೂ ಕೆಲವು ಏಳನೇ ಜನರೇಷನ್ನಿನವು ಇರುತ್ತವೆ, ನಂಬರ್ ನೋಡದೆ ದುಡ್ಡು ಕೊಡಬೇಡಿ.

ನನ್ನ ಓಟು ಟಿ480ಗೆ. ಅದರಲ್ಲಿ ಎರಡು ಬ್ಯಾಟರಿ: ಒಂದು ಒಳಗೆ, ಇನ್ನೊಂದು ಹಿಂಬದಿಯಲ್ಲಿ. ಹಿಂದಿನದನ್ನು ತೆಗೆಯಲು ಸ್ಕ್ರೂಡ್ರೈವರ್ ಬೇಡ. ತಳದ ಎರಡು ಲಾಕ್ ಸರಿಸಿದರೆ ಕೈಗೇ ಬರುತ್ತದೆ. ಸತ್ತುಹೋದರೆ ಮಗಳೇ ಹೊಸದು ಕೂರಿಸಬಹುದು. ತೂಕ ಸ್ವಲ್ಪ ಹೆಚ್ಚು, ಸ್ಕ್ರೀನ್ ಸುಮಾರು. ಆದರೆ ಹಿಂಜ್, ಅಂದರೆ ಮುಚ್ಚಳದ ಕೀಲು, ಗಟ್ಟಿ. ಅಗ್ಗದ ಪ್ಲಾಸ್ಟಿಕ್ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಹೋಗುವುದೇ ಅದು. ಸ್ಕ್ರೂ ಹಿಡಿದುಕೊಂಡ ಪುಟಾಣಿ ಹಿತ್ತಾಳೆ ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ, ಆಮೇಲೆ ಮುಚ್ಚಳ ತೆರೆದಾಗಲೆಲ್ಲ ಕಟಕಟ ಸದ್ದು.

ಅಂಗಡಿಯಲ್ಲಿ ‘ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿ’ ಅನ್ನಿ. ವಿಂಡೋಸ್‌ನಲ್ಲೇ ಬರುತ್ತದೆ, ಒಂದು ನಿಮಿಷದ ಕೆಲಸ. ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯುತ್ತಿದ್ದದ್ದು) 48 ಸಾವಿರ ಇದ್ದು ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವುದು) 20 ಸಾವಿರಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿ ಕೇಳಿ, ಇಲ್ಲವೇ ಬೆಲೆ ಇಳಿಸಿ. ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪುಟಕ್ಕೆ, ಹೋಗಿ. ಪಾಸ್‌ವರ್ಡ್ ಕೇಳಿದರೆ ಅದು ಹಳೇ ಕಂಪನಿಯ ಬೀಗ, ಬೇಡವೇ ಬೇಡ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿ ತಿಂಗಳು ಎರಡನ್ನೂ ಬರೆಸಿಕೊಳ್ಳಿ.

ಸಿ, ಜಾವಾ, ಪೈಥಾನ್ ಕಲಿಯಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ‘ಕಾಲೇಜಲ್ಲಿ ಕೇಳ್ತಾರೆ’ ಅಂತ ಮಗಳು ಅಂದರೆ, ಯಾವ ಗೇಮ್ ಅಂತ ಮೆಲ್ಲಗೆ ಕೇಳಿ ನೋಡಿ.