ಫ್ರೀಲ್ಯಾನ್ಸ್ ಕೆಲಸದಲ್ಲಿ ವರ್ಷದ ಗುರಿ ಮೂರನೇ ತಿಂಗಳಿಗೇ ಬಿದ್ದುಹೋಗುತ್ತದೆ, ಏನು ಮಾಡಲಿ?

ನೀವು ಕೇಳಿರುವುದು ಇಷ್ಟು. ಎರಡು ವರ್ಷದಿಂದ ಒಬ್ಬರೇ ಫ್ರೀಲ್ಯಾನ್ಸ್ ಮಾಡುತ್ತಿದ್ದೀರಿ. ವರ್ಷದ ಮೊದಲಲ್ಲಿ ಆದಾಯ ಎರಡರಷ್ಟಾಗಬೇಕು, ಹತ್ತು ಹೊಸ ಗ್ರಾಹಕರು ಸಿಗಬೇಕು, ಸ್ವಂತ ವೆಬ್‌ಸೈಟ್ ಆಗಬೇಕು ಅಂತ ಬರೆದಿಟ್ಟಿರಿ. ಮೂರನೇ ತಿಂಗಳಿಗೆ ಆ ಪಟ್ಟಿ ಎಲ್ಲಿಟ್ಟಿದ್ದೀರಿ ಅನ್ನುವುದೇ ಮರೆತುಹೋಯಿತು. ‘ನನಗೆ ಶಿಸ್ತಿಲ್ಲವಾ? ಅಥವಾ ಇದಕ್ಕೆ ಒಳ್ಳೆಯ ಆಪ್ ಯಾವುದಾದರೂ ಇದೆಯಾ?’ ಅಂತ ಕೇಳಿದ್ದೀರಿ.

ಶಿಸ್ತಿನ ಮಾತು ಬಿಡಿ. ತಿಂಗಳ ಸಂಬಳವಿಲ್ಲದೆ ಎರಡು ವರ್ಷ ದುಡಿದು ನಿಂತವರಿಗೆ ಶಿಸ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನಾನು ಪುಟವಿನ್ಯಾಸದ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಒಬ್ಬನೇ. ಮೊದಲ ನಾಲ್ಕು ವರ್ಷ ನನ್ನ ಪಟ್ಟಿಗಳ ಗತಿಯೂ ಇದೇ ಆಗಿತ್ತು.

ತಪ್ಪು ಎಲ್ಲಿದೆ ಅಂತ ನನಗೆ ಹೊಳೆದದ್ದು ವಿಚಿತ್ರವಾಗಿ. ‘ಸ್ಮಾರ್ಟ್ ಗುರಿ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. 1981ರಲ್ಲಿ ಜಾರ್ಜ್ ಡೊರಾನ್ ಅನ್ನುವವರು ಮ್ಯಾನೇಜ್‌ಮೆಂಟ್ ಪತ್ರಿಕೆಯೊಂದರಲ್ಲಿ ಬರೆದ ಪುಟ್ಟ ಲೇಖನದಿಂದ ಅದು ಬಂತು. ಇಂಗ್ಲಿಷಿನ SMART ಪದದ ಐದು ಅಕ್ಷರ, ಒಳ್ಳೆಯ ಗುರಿಗೆ ಐದು ಷರತ್ತು. ಅದರಲ್ಲಿನ ‘ಎ’ ಅಂದರೆ ಅಚೀವಬಲ್, ಕೈಗೆ ಎಟುಕುವಂಥದ್ದು ಅಂತ ಈಗ ಸಾಮಾನ್ಯವಾಗಿ ಹೇಳುತ್ತಾರೆ. ಡೊರಾನ್ ಬರೆದದ್ದು ಅಸೈನಬಲ್ ಅಂತ. ಅಂದರೆ ಈ ಕೆಲಸ ಯಾರ ಪಾಲಿಗೆ ಅನ್ನುವುದು ಗೊತ್ತಿರಬೇಕು. ಅವರು ಬರೆದದ್ದು ಮ್ಯಾನೇಜರುಗಳಿಗೆ. ಅಲ್ಲಿ ಗುರಿ ಹಾಕುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಮಾಡುವವರು ‘ಸಾರ್, ಇದು ಆಗಲ್ಲ, ಜನ ಸಾಲದು’ ಅಂತ ಒಂದು ಮಾತಾದರೂ ಎದುರಾಡುತ್ತಾರೆ.

ನಮ್ಮಂಥವರಲ್ಲಿ ಆ ಎದುರು ಮಾತೇ ಇಲ್ಲ. ಯಜಮಾನನೂ ನಾನೇ, ಆಳೂ ನಾನೇ. ಯಜಮಾನನಿಗೆ ವರ್ಷದ ಮೊದಲ ದಿನ ಭಾರೀ ಹುಮ್ಮಸ್ಸು. ಆಳನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಡುತ್ತಾನೆ. ಆಳು ಮೂರು ತಿಂಗಳು ಏಗುತ್ತಾನೆ, ಆಮೇಲೆ ಸುಮ್ನೆ ಕೈಬಿಡುತ್ತಾನೆ. ಜಗಳವೂ ಇಲ್ಲ, ರಾಜೀನಾಮೆಯೂ ಇಲ್ಲ. ಪಟ್ಟಿ ಮರೆತುಹೋಗುತ್ತದೆ, ಅಷ್ಟೇ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಅಂತ ಗಾದೆಯೇನೋ ಇದೆ. ಲೆಕ್ಕ ಹಾಕುವಾಗ ಯಾರಾಗಿರಬೇಕು ಅಂತ ಗಾದೆ ಹೇಳಲಿಲ್ಲ ನೋಡಿ.

ಹಾಗಾಗಿ ನಾನು ಗುರಿ ಬರೆಯುವುದಕ್ಕೆ ಮೊದಲು ಆಳಿನ ಗಂಟೆ ಎಣಿಸುತ್ತೇನೆ. ನೀವೂ ಇದನ್ನೇ ಮೊದಲು ಮಾಡಿ. ಎರಡು ವಾರ, ಒಂದು ಹಾಳೆ, ಒಂದು ಪೆನ್ಸಿಲ್. ಕೂತಾಗ ಸಮಯ ಬರೆಯಿರಿ, ಎದ್ದಾಗ ಬರೆಯಿರಿ, ಪಕ್ಕದಲ್ಲಿ ಏನು ಮಾಡಿದಿರಿ ಅಂತ ಎರಡು ಪದ. ಯಾರಿಗೂ ತೋರಿಸಬೇಕಿಲ್ಲ, ಹಾಗಾಗಿ ಸುಳ್ಳು ಬರೆಯುವುದೂ ಬೇಕಿಲ್ಲ.

ನನ್ನ ಮೊದಲ ಹಾಳೆ ಇನ್ನೂ ಇದೆ. ಎರಡು ವಾರದಲ್ಲಿ ಮೇಜಿನ ಮುಂದೆ ಕೂತದ್ದು 61 ಗಂಟೆ. ಅದರಲ್ಲಿ ಬಿಲ್ ಮಾಡಬಹುದಾದ ಕೆಲಸ 29 ಗಂಟೆ. ಉಳಿದ 32 ಗಂಟೆ ಎಲ್ಲಿ ಹೋಯಿತು ಅಂದರೆ, ಮೇಲ್, ಫೋನು, ಕೊಟೇಶನ್ ಬರೆಯುವುದು, ಬಾಕಿ ಹಣ ಕೇಳುವುದು, ಹಳೆಯ ಫೈಲ್ ಹುಡುಕುವುದು. ಮತ್ತೆ ಒಂದೇ ಬಾಬ್ತಿಗೆ 9 ಗಂಟೆ. ಅದರ ಮುಂದೆ ನಾನೇ ಬರೆದುಕೊಂಡಿದ್ದೇನೆ: ‘ಇದೊಂದು ಸಣ್ಣ ಬದಲಾವಣೆ’. ಗ್ರಾಹಕರು ಹೇಳುವ ಮಾತು ಅದು, ನಿಮಗೂ ಪರಿಚಯ ಇರುತ್ತದೆ.

ವಾರಕ್ಕೆ 29ರಲ್ಲಿ ಅರ್ಧ, ಅಂದರೆ ಹದಿನಾಲ್ಕೂವರೆ ಗಂಟೆ. ವರ್ಷದ 52 ವಾರದಲ್ಲಿ ಜ್ವರ, ರಜೆ, ಮನೆಯ ಕೆಲಸ ಅಂತ 6 ತೆಗೆದರೆ 46. ಗುಣಿಸಿ ನೋಡಿದೆ, 667 ಗಂಟೆ. ಯಜಮಾನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ವಾರಕ್ಕೆ 40ರಂತೆ ಸುಮಾರು ಎರಡು ಸಾವಿರ. ಇದ್ದದ್ದು ಅದರ ಮೂರನೇ ಒಂದು ಪಾಲು! ಆವತ್ತು ನಾನು ಊಟಕ್ಕೂ ಏಳದೆ ಆ ಹಾಳೆ ನೋಡುತ್ತಾ ಕೂತಿದ್ದೆ.

ಈ ಸಂಖ್ಯೆ ಕೈಗೆ ಬಂದ ಮೇಲೆ ಗುರಿಯ ಬಣ್ಣವೇ ಬದಲಾಗುತ್ತದೆ. ನಿಮಗೆ ಬೇಕಾದ ವರ್ಷದ ಆದಾಯವನ್ನು ನಿಮ್ಮ ನಿಜವಾದ ಗಂಟೆಗಳಿಂದ ಭಾಗಿಸಿ. ಒಂದೊಂದು ಗಂಟೆ ಎಷ್ಟು ತರಬೇಕು ಅಂತ ಗೊತ್ತಾಗುತ್ತದೆ. ಅದು ನೀವು ಈಗ ತೆಗೆದುಕೊಳ್ಳುವ ದರದ ಎರಡರಷ್ಟಿದ್ದರೆ, ಇನ್ನೂ ಜಾಸ್ತಿ ಕಷ್ಟಪಟ್ಟು ಆ ಗುರಿ ಮುಟ್ಟುವುದಿಲ್ಲ. ದರ ಏರಿಸಬೇಕು, ಇಲ್ಲ ಪುಕ್ಕಟೆ ಹೋಗುವ ಗಂಟೆ ಕಡಿಮೆ ಮಾಡಬೇಕು, ಇಲ್ಲ ಗುರಿ ಇಳಿಸಬೇಕು. ರಾತ್ರಿ ನಿದ್ದೆಗೆಡುವುದು ಅಂತ ನಾಲ್ಕನೇ ದಾರಿಯೂ ಇದೆ. ನಾನು ಅದರಲ್ಲಿ ಒಂದು ವರ್ಷ ನಡೆದಿದ್ದೇನೆ, ಬೇಡ.

ಆ ವರ್ಷ ನಾನು ಹಾಕಿಕೊಂಡದ್ದು ಒಂದೇ ಗುರಿ. ಪ್ರತಿ ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸುವುದು: ‘ಎರಡು ಸಲ ತಿದ್ದುಪಡಿ ಈ ದರದಲ್ಲಿ ಸೇರಿದೆ, ಮೂರನೆಯದರಿಂದ ಗಂಟೆ ಲೆಕ್ಕ.’ ಮೊದಲ ಸಲ ಕಳಿಸುವಾಗ ಕೈ ನಡುಗಿತ್ತು. ಗ್ರಾಹಕರು ಅದರ ಬಗ್ಗೆ ಮಾತೇ ಆಡಲಿಲ್ಲ. ಆದರೆ ಬದಲಾವಣೆಗಳನ್ನು ಒಂದೊಂದಾಗಿ ಫೋನಿನಲ್ಲಿ ಹೇಳುತ್ತಿದ್ದವರು ಎಲ್ಲ ಸೇರಿಸಿ ಒಂದೇ ಮೇಲ್‌ನಲ್ಲಿ ಬರೆಯತೊಡಗಿದರು. ಮೂರನೇ ಸಲದ ದುಡ್ಡು ನನಗೆ ಬಂದದ್ದು ಅಪರೂಪ. ಗಂಟೆಗಳಂತೂ ವಾಪಸ್ ಬಂದವು.

ಈಗ ನಿಮ್ಮ ‘ಹತ್ತು ಹೊಸ ಗ್ರಾಹಕರು’. ಗ್ರಾಹಕರು ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ ಅಲ್ವಾ? ಆಳಿಗೆ ‘ನಾಳೆ ಒಬ್ಬ ಗ್ರಾಹಕರನ್ನು ತಾ’ ಅಂದರೆ ಅವನು ಎಲ್ಲಿಂದ ತರುತ್ತಾನೆ? ‘ನಾಳೆ ಮೂರು ಪತ್ರ ಬರೆ’ ಅಂದರೆ ಬರೆಯುತ್ತಾನೆ. ನಾನು ಒಂದು ವರ್ಷ ಇದರ ಲೆಕ್ಕ ಇಟ್ಟೆ. ಪರಿಚಯ ಹೇಳಿಕೊಂಡು, ಅವರವರ ಕೆಲಸ ನೋಡಿ, ಒಬ್ಬೊಬ್ಬರಿಗೇ ಬರೆದ ಮೇಲ್ 80. ಉತ್ತರ ಬಂದದ್ದು 17. ಕೆಲಸವಾಗಿ ಕುದುರಿದ್ದು 4. ಅಂದರೆ ನನ್ನ ಮಟ್ಟಿಗೆ ಇಪ್ಪತ್ತಕ್ಕೆ ಒಂದು. ಆರು ಹೊಸ ಗ್ರಾಹಕರು ಬೇಕು ಅಂದರೆ 120 ಪತ್ರ, ವಾರಕ್ಕೆ ಮೂರು. ಅಲ್ಲಿಗೆ ಮುಗಿಯಿತು. ನಿಮ್ಮ ಕ್ಷೇತ್ರದಲ್ಲಿ ಈ ಲೆಕ್ಕ ಬೇರೆ ಇರುತ್ತದೆ, ಮೊದಲ ನಲವತ್ತು ಪತ್ರ ಬರೆದ ಮೇಲೆ ನಿಮಗೇ ತಿಳಿಯುತ್ತದೆ. ಇನ್ನೊಂದು, ಹಳೆಯ ಗ್ರಾಹಕರನ್ನು ಮರೆಯಬೇಡಿ. ಮೂರು ತಿಂಗಳಿಗೊಮ್ಮೆ ಅವರಿಗೆ ಬರೆಯುವ ಎರಡು ಸಾಲು ಹೊಸಬರಿಗೆ ಬರೆಯುವ ಎರಡು ಪುಟಕ್ಕಿಂತ ಹೆಚ್ಚು ಕೆಲಸ ತಂದಿದೆ ನನಗೆ.

ಮೂರು ಪತ್ರ ಅಂತ ಬರೆದಿಟ್ಟರೂ ಆಗುವುದಿಲ್ಲ, ಯಾವಾಗ ಅನ್ನುವುದು ಬೇಕು. ಪೀಟರ್ ಗಾಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದರ ಬಗ್ಗೆ ಬರೆದದ್ದು ಹೆಸರಾಗಿದೆ. ‘ಮಾಡುತ್ತೇನೆ’ ಅಂತ ನಿಶ್ಚಯಿಸಿದವರಿಗಿಂತ ‘ಇಂಥ ಹೊತ್ತು ಬಂದಾಗ ಇದನ್ನು ಮಾಡುತ್ತೇನೆ’ ಅಂತ ಗಂಟು ಹಾಕಿಟ್ಟವರು ಹೆಚ್ಚು ಮಾಡಿ ಮುಗಿಸುತ್ತಾರೆ ಅನ್ನುವುದು ಅವರ ಮಾತು. ನನ್ನ ಗಂಟು ಹೀಗಿದೆ: ಮಂಗಳವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಆದ ಕೂಡಲೇ, ಮೇಲ್ ಪೆಟ್ಟಿಗೆಯಲ್ಲಿ ಬಂದದ್ದನ್ನು ನೋಡುವ ಮೊದಲು, ಮೂರು ಪತ್ರ. ಬಂದ ಮೇಲ್ ನೋಡಿದೆನೋ, ಆ ದಿನ ಬೇರೆಯವರದ್ದಾಯಿತು.

ಸಮಯದ ಅಂದಾಜಿನಲ್ಲಿ ಯಜಮಾನನನ್ನು ನಂಬಲೇಬೇಡಿ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಕಾಲೇಜಿನ ಕೊನೆಯ ವರ್ಷದ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಸುಮಾರು 34 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಅಂದಾಗ ಸುಮಾರು 49. ಹಿಡಿದದ್ದು 55ಕ್ಕೂ ಜಾಸ್ತಿ. ಎಲ್ಲ ಕೆಟ್ಟರೆ ಅಂತ ಹಾಕಿದ ಲೆಕ್ಕವೂ ಸಾಲಲಿಲ್ಲ ನೋಡಿ. ಅದಕ್ಕೇ ನಾನು ಅಂದಾಜು ಮಾಡುವುದನ್ನೇ ಬಿಟ್ಟೆ. ಇದೇ ಥರದ ಹಿಂದಿನ ಕೆಲಸ ಎಷ್ಟು ಗಂಟೆ ತಿಂದಿತ್ತು ಅಂತ ಹಾಳೆ ತೆಗೆದು ನೋಡುತ್ತೇನೆ. ಅದನ್ನೇ ಬರೆಯುತ್ತೇನೆ, ಈ ಸಲ ಬೇಗ ಆಗುತ್ತದೆ ಅಂತ ಮನಸ್ಸು ಎಷ್ಟೇ ಹೇಳಿದರೂ.

ಗುರಿ ಮುಟ್ಟಿ ಕೆಟ್ಟ ಕಥೆಯೂ ಒಂದಿದೆ. ಆರನೇ ವರ್ಷ ನನ್ನ ಆದಾಯದ ಗುರಿ ಎರಡು ತಿಂಗಳು ಮೊದಲೇ ತುಂಬಿತು. ಬೀಗಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಒಬ್ಬರೇ ಗ್ರಾಹಕರಿಂದ ಬಂದದ್ದು ಅನ್ನುವುದನ್ನು ನೋಡಿಯೂ ನೋಡದಂತಿದ್ದೆ. ಮುಂದಿನ ವರ್ಷ ಅವರು ತಮ್ಮಲ್ಲೇ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರು. ತಪ್ಪು ಅವರದಲ್ಲ. ನನ್ನ ಮೇಜು ಎರಡು ತಿಂಗಳು ಖಾಲಿ ಇತ್ತು. ಅವರ ಕೆಲಸದ ಭರದಲ್ಲಿ ಮಂಗಳವಾರದ ಪತ್ರಗಳನ್ನೂ ನಿಲ್ಲಿಸಿಬಿಟ್ಟಿದ್ದೆ. ಈಗ ಆದಾಯದ ಅಂಕಿಯ ಪಕ್ಕ ಇನ್ನೊಂದು ಅಂಕಿ ಬರೆಯುತ್ತೇನೆ: ಅತಿ ದೊಡ್ಡ ಗ್ರಾಹಕರ ಪಾಲು ಎಷ್ಟು. ನೂರಕ್ಕೆ 40 ದಾಟಿದರೆ ಆ ತಿಂಗಳು ವಾರಕ್ಕೆ ಆರು ಪತ್ರ. ಹಾಗೆಯೇ ಬಿಲ್ ಕಳಿಸಿದ್ದನ್ನು ಆದಾಯ ಅಂತ ಬರೆಯಬೇಡಿ, ಹಣ ಖಾತೆಗೆ ಬಿದ್ದ ಮೇಲೆ ಬರೆಯಿರಿ.

ಶುಕ್ರವಾರ ಸಂಜೆ ಅರ್ಧ ಗಂಟೆ ನಾನು ಯಜಮಾನ. ಮೇಜಿನ ಇನ್ನೊಂದು ಪಕ್ಕಕ್ಕೆ ಹೋಗಿ ಕೂರುತ್ತೇನೆ. ಹುಚ್ಚು ಅನ್ನಿಸಬಹುದು, ಆದರೆ ಕುರ್ಚಿ ಬದಲಾದರೆ ಕೇಳುವ ಪ್ರಶ್ನೆಯೂ ಬದಲಾಗುತ್ತದೆ. ಬರೆದ ಒಂದೊಂದು ಪತ್ರಕ್ಕೂ ಹಾಕಿದ ವಾರದ ಗೀಟುಗಳನ್ನು ಎಣಿಸುತ್ತೇನೆ. ಎರಡು ವಾರ ಸತತ ತಪ್ಪಿದ್ದರೆ ಆಳನ್ನು ಬೈಯುವುದಿಲ್ಲ, ಗುರಿಯನ್ನು ಚಿಕ್ಕದು ಮಾಡುತ್ತೇನೆ ಅಥವಾ ಹೊಡೆದು ಹಾಕುತ್ತೇನೆ. ಸ್ವಂತ ವೆಬ್‌ಸೈಟ್ ನನ್ನ ಪಟ್ಟಿಯಲ್ಲೂ ಮೂರು ವರ್ಷ ಇತ್ತು. ಹೊಡೆದು ಹಾಕಿದ ದಿನ ಎಷ್ಟು ಹಗುರಾಯಿತು ಅಂದರೆ! ನನ್ನ ಗ್ರಾಹಕರಲ್ಲಿ ಒಬ್ಬರೂ ಅದನ್ನು ಕೇಳಿದವರಲ್ಲ. ಹತ್ತು ಪುಟದ ಒಂದು ಪಿಡಿಎಫ್ ಇದೆ, ಅದನ್ನೇ ಕಳಿಸುತ್ತೇನೆ.

ಇನ್ನು ಆಪ್. ಒಟ್ಟು ಐದು ಆಪ್ ಹಾಕಿ ತೆಗೆದಿದ್ದೇನೆ. ಪ್ರತಿಯೊಂದರಲ್ಲೂ ಮೊದಲ ವಾರ ಬಣ್ಣ ಆರಿಸುವುದರಲ್ಲೇ ಹೋಯಿತು. ಈಗ ಇರುವುದು ಗೆರೆ ಹಾಕಿದ ನೋಟ್‌ಬುಕ್ಕು, ವಾರಕ್ಕೆ ಒಂದು ಪುಟ. ಎಡಗಡೆ ಗಂಟೆ, ಬಲಗಡೆ ಪತ್ರದ ಗೀಟು, ಕೆಳಗೆ ಬಂದ ಹಣ. ನಿಮಗೆ ಫೋನೇ ಅನುಕೂಲ ಅಂದರೆ ಅದರಲ್ಲಿರುವ ಮಾಮೂಲಿ ನೋಟ್ಸ್ ಸಾಕು. ಮೊದಲ ಎರಡು ವಾರ ಗುರಿಯನ್ನೇ ಬರೆಯಬೇಡಿ, ಗಂಟೆ ಮಾತ್ರ ಬರೆಯಿರಿ.