ಅಡಿಕೆ ನಾರಿನ ಕಾಂಪೋಸಿಟ್ ಸಿಮ್ಯುಲೇಷನ್‌ಗೆ ಸೂಪರ್ ಕಂಪ್ಯೂಟರ್ ಬೇಕೇ?

ಅಡಿಕೆ ಸಿಪ್ಪೆಯ ನಾರನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ (ರೆಸಿನ್‌ನಲ್ಲಿ) ಕೂರಿಸಿ ಕಾಂಪೋಸಿಟ್ ಹಲಗೆ ಮಾಡಿದ್ದೀರಿ. ಅದು ಹೇಗೆ ಒಡೆಯುತ್ತದೆಂದು ಸಿಮ್ಯುಲೇಷನ್‌ನಲ್ಲಿ ಲೆಕ್ಕ ಹಾಕಲು ಹೋದರೆ ಚಿಕ್ಕಮಗಳೂರಿನ ನಿಮ್ಮ ಕಾಲೇಜಿನ ಕಂಪ್ಯೂಟರ್ ಅರ್ಧಕ್ಕೇ ನಿಲ್ಲುತ್ತಿದೆ, ಸೂಪರ್ ಕಂಪ್ಯೂಟರ್ ಇಲ್ಲದೆ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಹಾಸನದಲ್ಲಿ ಇದೇ ವಿಷಯ ಪಾಠ ಮಾಡುವವನು. ಮುಂದೆ ಬೇಕಾಗಬಹುದು, ಈಗಲೇ ಬೇಡ.

ಲೆಕ್ಕದ ಭಾರವನ್ನು ನಿರ್ಧರಿಸುವುದು ಹಲಗೆಯ ಉದ್ದಗಲಕ್ಕಿಂತ ಹೆಚ್ಚಾಗಿ ಒಳಗಿನ ಎಳೆಯ ದಪ್ಪ. ವಿಮಾನಗಳಲ್ಲಿ ಬಳಸುವ ಕಾರ್ಬನ್ ನಾರಿನ ವ್ಯಾಸ ಸುಮಾರು 7 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ಗಾತ್ರದಲ್ಲಿ ಶೇ 60ರಷ್ಟು ನಾರಿದ್ದರೆ ಒಂದು ಚದರ ಮಿಲಿಮೀಟರ್ ಅಡ್ಡಛೇದದಲ್ಲಿ 15 ಸಾವಿರಕ್ಕೂ ಹೆಚ್ಚು ಎಳೆಗಳಿರುತ್ತವೆ. ಎಳೆಗೂ ರೆಸಿನ್‌ಗೂ ನಡುವೆ ಬಿರುಕು ನುಸುಳುವುದನ್ನು ಹಿಡಿಯಲು ಒಂದು ಮೈಕ್ರಾನ್‌ನ ಎಲಿಮೆಂಟ್ (ಲೆಕ್ಕಕ್ಕಾಗಿ ವಸ್ತುವನ್ನು ಭಾಗಿಸುವ ಪುಟ್ಟ ಕಣ) ಇಟ್ಟರೆ, ಒಂದು ಮಿಲಿಮೀಟರ್ ಘನಕ್ಕೇ 100 ಕೋಟಿ ಎಲಿಮೆಂಟ್‌ಗಳು, ಪ್ರತಿ ಬಿಂದು ಮೂರು ದಿಕ್ಕಿಗೆ ಸರಿಯಬಹುದಾದ್ದರಿಂದ 300 ಕೋಟಿ ಸಮೀಕರಣಗಳು! ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ (ಈ ಸಮೀಕರಣಗಳ ಅಂಕಿಗಳ ಕೋಷ್ಟಕ) ಒಂದರಲ್ಲಿ ಸೊನ್ನೆಯಲ್ಲದ ಅಂಕಿಗಳನ್ನಷ್ಟೇ ಮೆಮೊರಿಯಲ್ಲಿಡಲೂ ಸುಮಾರು 2 ಟೆರಾಬೈಟ್ ಬೇಕು. ಹಾಗಾಗಿ ಘನವನ್ನು ಸಾವಿರಾರು ತುಂಡು ಮಾಡಿ ಪ್ರೊಸೆಸರ್‌ಗಳಿಗೆ ಹಂಚುತ್ತಾರೆ. ಪ್ರತಿ ಹೆಜ್ಜೆಯಲ್ಲೂ ನೆರೆಯ ತುಂಡುಗಳು ಗಡಿಯ ಮಾಹಿತಿಯನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ (ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ ಮಾಡುವ) ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಂಥ ಯಂತ್ರಗಳು ಬೇಕಾಗುವುದು ಇಂಥ ಲೆಕ್ಕಗಳಿಗೆ.

ಅಡಿಕೆ ನಾರು ಕಾರ್ಬನ್ ನಾರಿಗಿಂತ ಹತ್ತಾರು ಪಟ್ಟು ದಪ್ಪ. ಎಳೆ ಹತ್ತು ಪಟ್ಟು ದಪ್ಪವಾದರೆ ಎಲಿಮೆಂಟನ್ನೂ ಮೂರೂ ದಿಕ್ಕಿಗೆ ಹತ್ತು ಪಟ್ಟು ದೊಡ್ಡದಾಗಿಸಬಹುದು, ಅಷ್ಟೇ ಗಾತ್ರದ ತುಂಡಿಗೆ ಸಾವಿರ ಪಟ್ಟು ಕಡಿಮೆ ಎಲಿಮೆಂಟ್ ಸಾಕು. 100 ಕೋಟಿ ಇದ್ದದ್ದು 10 ಲಕ್ಷಕ್ಕೆ ಇಳಿಯಿತು. ಅದನ್ನು ಒಳ್ಳೆಯ ವರ್ಕ್‌ಸ್ಟೇಷನ್ (ಹೆಚ್ಚು ಶಕ್ತಿಯ ಮೇಜಿನ ಕಂಪ್ಯೂಟರ್) ನಿಭಾಯಿಸುತ್ತದೆ.

ನಿಮಗಿರುವ ನಿಜವಾದ ತೊಡಕು ಬೇರೆ. ಕೊಪ್ಪದ ಕಡೆಯ ಯಾವುದೇ ಕಣದಿಂದ ಒಂದು ಹಿಡಿ ಸಿಪ್ಪೆ ತಂದು ಬಿಡಿಸಿ ನೋಡಿ: ಕೆಲವು ಎಳೆ ಒರಟು, ಕೆಲವು ಕೂದಲಿನಂತೆ ನವಿರು, ಒಂದೇ ಎಳೆಯ ದಪ್ಪವೂ ತುದಿಯಿಂದ ತುದಿಗೆ ಬದಲಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸರಿಯಾಗಿ ಒಣಗಿಸದೆ ಬಳಸಿದರೆ ಒಳಗಿನ ತೇವ ರೆಸಿನ್‌ನ ಹಿಡಿತವನ್ನೇ ಸಡಿಲಿಸುತ್ತದೆ. ಇಂಥ ವಸ್ತುವಿಗೆ ಒಂದೇ ಸಿಮ್ಯುಲೇಷನ್‌ನಿಂದ ಒಂದೇ ಬಲದ ಅಂಕಿ ಹೇಳಿದರೆ ನಾನು ಒಪ್ಪುವುದಿಲ್ಲ. ಎಳೆಗಳ ಜೋಡಣೆ, ದಪ್ಪ, ಹಿಡಿತ ಇವನ್ನು ಬದಲಿಸುತ್ತಾ ನೂರಾರು ಸಣ್ಣ ಲೆಕ್ಕ ಓಡಿಸಿ, ಉತ್ತರ ಎಷ್ಟು ಹರಡಿಕೊಳ್ಳುತ್ತದೆಂದು ತೋರಿಸಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಇಂಥ ಲೆಕ್ಕಗಳನ್ನು ಏಕಕಾಲಕ್ಕೆ ಓಡಿಸಲು ದೊಡ್ಡ ಯಂತ್ರ ಹೇಳಿ ಮಾಡಿಸಿದಂತಿರುತ್ತದೆ.

ಅರ್ಧಕ್ಕೆ ನಿಲ್ಲುವ ವಿಚಾರ: ಮೆಮೊರಿ ತುಂಬಿ ನಿಂತಿತೇ, ಕನ್ವರ್ಜ್ ಆಗದೆ (ಲೆಕ್ಕ ಒಂದು ಉತ್ತರಕ್ಕೆ ಬಂದು ನೆಲೆಸದೆ) ನಿಂತಿತೇ ಎಂದು ಲಾಗ್ ಫೈಲ್‌ನಲ್ಲಿ ನೋಡಿ. ರೆಸಿನ್ ಬಿರುಕು ಬಿಟ್ಟೊಡನೆ ಬಿಗಿತ ದಿಢೀರನೆ ಕುಸಿದು ಉತ್ತರವನ್ನು ಊಹಿಸಿ ಮತ್ತೆ ಮತ್ತೆ ತಿದ್ದುವ ನ್ಯೂಟನ್ ವಿಧಾನ ದಾರಿ ತಪ್ಪುವುದು ಸಾಮಾನ್ಯ. ಅದಕ್ಕೆ ಹೊರೆಯನ್ನು ಸಣ್ಣ ಹೆಜ್ಜೆಗಳಲ್ಲಿ ಏರಿಸಬೇಕು, ಇಲ್ಲವೇ ಹಾಗೆ ತಿದ್ದದೆ ಅತಿ ಸಣ್ಣ ಕಾಲದ ಹೆಜ್ಜೆಗಳಲ್ಲಿ ನೇರವಾಗಿ ಮುಂದೆ ಸಾಗುವ ಎಕ್ಸ್‌ಪ್ಲಿಸಿಟ್ ವಿಧಾನ ಹಿಡಿಯಬೇಕು. ಆಗ ಯಂತ್ರ ಬದಲಿಸಿ ಪ್ರಯೋಜನವಿಲ್ಲ. ಇಂಥ ಲೆಕ್ಕದ ತಂತ್ರಾಂಶಗಳಾದ ಕ್ಯಾಲ್ಕುಲಿಕ್ಸ್, ಕೋಡ್ ಆಸ್ಟರ್ ಉಚಿತವಾಗಿಯೇ ಸಿಗುತ್ತವೆ, ಲೈಸೆನ್ಸ್ ಚಿಂತೆ ಇಲ್ಲ.

ಮೊದಲು ಎಳೆಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸಿ, ಅಂಕಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ಆಮೇಲೆ ನಿಮ್ಮ ಗೈಡ್ ಮೂಲಕ ದೊಡ್ಡ ಯಂತ್ರವಿರುವ ಸಂಸ್ಥೆಯ ಪ್ರಾಧ್ಯಾಪಕರೊಬ್ಬರನ್ನು ಕೇಳಿ. ಒಡೆದ ಹಲಗೆಯ ಅಂಚಿನ ಹತ್ತಿರದ ಫೋಟೊ ಇದ್ದರೆ ಇಲ್ಲಿ ಹಾಕಿ. ನಾರು ತುಂಡಾಗಿದೆಯೋ ರೆಸಿನ್‌ನಿಂದ ಕಿತ್ತು ಬಂದಿದೆಯೋ ನೋಡಿ, ಯಾವ ಮಾದರಿ ಹೊಂದುತ್ತದೆಂದು ಹೇಳುತ್ತೇನೆ.